ಎರಡು ಮಕ್ಕಳ ಮನೆಯಲ್ಲಿ ಒಂದು ವರ್ಷ: ನೆನಪಿಟ್ಟುಕೊಳ್ಳುವ ಕೆಲಸ ಯಾರದು?

ಕುವೆಂಪುನಗರದ ಅಮ್ಮ, ಮೈಸೂರು

ಎಲ್ಲರಿಗೂ ನಮಸ್ಕಾರ. ಹೋದ ಜೂನ್‌ನಲ್ಲಿ ಹೆರಿಗೆ ರಜೆ ಮುಗಿಸಿ ಬ್ಯಾಂಕಿಗೆ ವಾಪಸ್ ಹೊರಟಾಗ ಇಲ್ಲಿ ತುಂಬಾ ಜನ ನನಗೆ ಧೈರ್ಯ ಹೇಳಿದ್ದಿರಿ. ಆಗ ಮಗನಿಗೆ ಆರು ತಿಂಗಳು. ಮಗಳು ಯುಕೆಜಿಗೆ ಸೇರಿದ್ದಳು. ಈಗ 2025ರ ಮೇ. ಈ ವರ್ಷ ನಮ್ಮ ಮನೆ ಹೇಗೆ ನಡೆಯಿತು ಅಂತ ನಿಮಗೆಲ್ಲ ಹೇಳಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗುತ್ತದೆ, ಬಿಡುವಿದ್ದಾಗ ಓದಿ.

ಮೊದಲು ಆ ಜೂನ್ ತಿಂಗಳ ಮಾತು. ಕಾನೂನಿನಲ್ಲಿ ಈಗ 26 ವಾರ ರಜೆ ಇದೆ. 2017ಕ್ಕೆ ಮುಂಚೆ ಬರೀ 12 ವಾರ ಇತ್ತು, ಆ ಲೆಕ್ಕದಲ್ಲಿ ನಾವು ಪುಣ್ಯ ಮಾಡಿದವರು. ಆದರೆ ನೋಡಿ, ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು, ಆಮೇಲೆ ಮೇಲಿನ ಆಹಾರ ಶುರು ಮಾಡಿ ಅಂತಾರೆ. ರಜೆ ಮುಗಿಯುವುದೂ ಮಗು ಊಟ ಕಲಿಯುವುದೂ ಒಂದೇ ಹೊತ್ತಿಗೆ ಬಂದು ಕೂರುತ್ತವೆ. ಮಗು ಮೊದಲ ತುತ್ತನ್ನು ಉಗಿಯುತ್ತಾ, ನುಂಗುತ್ತಾ ಇರುವಾಗ ತಾಯಿ ಕ್ಯಾಶ್ ಕೌಂಟರ್‌ನಲ್ಲಿ ಇರುತ್ತಾಳೆ.

ನಮ್ಮನೆಯಲ್ಲಿ ಆ ಮೊದಲ ತುತ್ತು ತಿನ್ನಿಸಿದ್ದು ನಮ್ಮತ್ತೆ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವರು. ರಾಗಿ ಸರಿ ಹಿಟ್ಟು ಅಂಗಡಿಯಿಂದ ತರಲು ಬಿಡಲೇ ಇಲ್ಲ. ರಾಗಿ ತೊಳೆದು ರಾತ್ರಿ ನೆನೆಸಿ, ಬಿಳಿ ಪಂಚೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಷ್ಟು ಹುರಿದು ಮಿಲ್ಲಿಗೆ ಕಳಿಸಿದರು. ಬಂದ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಹಾಕಿ ಪಾತ್ರೆಯ ಬಾಯಿಗೆ ಬಿಗಿದು ಕೈಯಿಂದ ತೀಡುತ್ತಾ ಕೂತರು. ಕೆಳಗೆ ಇಳಿದ ಹಿಟ್ಟು ಮುಟ್ಟಿದರೆ ಪೌಡರ್ ಥರ ಇತ್ತು. ಮೇಲೆ ಉಳಿದ ತರಿಯನ್ನು ಎಸೆಯದೆ ನಮ್ಮ ದೋಸೆ ಹಿಟ್ಟಿಗೆ ಹಾಕಿದರು. ಮಗಳು ಪಕ್ಕದಲ್ಲೇ ಕೂತು ಮೂಗಿನ ತುದಿಗೆ ಹಿಟ್ಟು ಮೆತ್ತಿಕೊಂಡು "ಅಜ್ಜಿ, ನಂಗೂ ಇದೇ ಕೊಟ್ಟಿದ್ರಾ?" ಅಂತ ಕೇಳುತ್ತಿದ್ದಳು. ಅವಳಿಗೆ ತನ್ನ ಕಥೆ ಬೇಕಿತ್ತು. ಪಾಪು ಏನೇ ಮಾಡಲಿ, ತಾನು ಪಾಪು ಆಗಿದ್ದಾಗ ಏನು ಮಾಡುತ್ತಿದ್ದೆ ಅಂತ ಕೇಳಬೇಕಿತ್ತು. ಅತ್ತೆ ಬೇಸರ ಇಲ್ಲದೆ ಹೇಳುತ್ತಿದ್ದರು.

ಆದರೆ ನಾನು ಮುಖ್ಯವಾಗಿ ಬರೆಯಬೇಕು ಅಂದುಕೊಂಡಿದ್ದು ಬೇರೆ.

ನಮ್ಮವರು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಾರೆ. ಮನೆ ಕೆಲಸಕ್ಕೆ ಯಾವತ್ತೂ ಹಿಂದೆ ಮುಂದೆ ನೋಡಿದವರಲ್ಲ. ಪಾತ್ರೆ, ಬಟ್ಟೆ, ಮಗುವಿನ ಸ್ನಾನ, ಹೇಳಿದರೆ ಸಾಕು ಮಾಡುತ್ತಾರೆ. ಆದರೂ ನಾನು ಬ್ಯಾಂಕಿನಲ್ಲಿ ಕೂತಾಗಲೂ ತಲೆಯೊಳಗೆ ಒಂದು ಪಟ್ಟಿ ಓಡುತ್ತಲೇ ಇರುತ್ತಿತ್ತು. ಡೈಪರ್ ಎಷ್ಟಿದೆ? ನಾಳೆ ಶಾಲೆಗೆ ಹಳದಿ ಬಟ್ಟೆ ಹಾಕಬೇಕಾ? ಮಗಳ ಶೂ ಬಿಗಿ ಆಗಿದೆಯಾ? ಒಂಬತ್ತು ತಿಂಗಳಿಗೆ ಹಾಕಿಸುವ ದಡಾರ-ರುಬೆಲ್ಲಾ ಲಸಿಕೆ ಯಾವಾಗ? ಲಸಿಕೆ ಬರೆದಿಡುವ ತಾಯಿ ಕಾರ್ಡ್ ಯಾವ ಚೀಲದಲ್ಲಿದೆ? ಪಕ್ಕದ ಮನೆ ಹುಡುಗನ ಬರ್ತ್‌ಡೇಗೆ ಏನು ಕೊಡುವುದು? ಮಾಡುವ ಕೈ ನಾಲ್ಕಿದ್ದರೂ ನೆನಪಿಡುವ ತಲೆ ಒಂದೇ ಇತ್ತು.

ಜುಲೈನಲ್ಲಿ ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತು ಮಾತಾಡಿದೆವು. ಕೆಲಸ ಹಂಚಿಕೊಳ್ಳುವುದು ಬೇಡ, ವಿಷಯ ಹಂಚಿಕೊಳ್ಳೋಣ ಅಂತ ನಮ್ಮವರೇ ಹೇಳಿದರು. ಮಕ್ಕಳ ಆರೋಗ್ಯ ಪೂರ್ತಿ ಅವರದು. ಲಸಿಕೆ, ಔಷಧಿ ಡಬ್ಬಿ, ಡಾಕ್ಟರ್, ರಾತ್ರಿ ಜ್ವರ, ಎಲ್ಲ. ಬೆಳಗಿನ ತಿಂಡಿ ಮತ್ತು ಡಬ್ಬಿಯೂ ಅವರದೇ. ಏನು ಮಾಡುವುದು ಅಂತ ಯೋಚಿಸುವುದೂ, ಅದಕ್ಕೆ ಸಾಮಾನು ತರುವುದೂ ಸೇರಿ. ಶಾಲೆ, ಬಟ್ಟೆಬರೆ, ಹಬ್ಬಹರಿದಿನ, ನೆಂಟರು ನನ್ನದು. ರಾತ್ರಿ ಅಡುಗೆ ನನ್ನದು. ಬಿಲ್‌ಗಳ ವಿಷಯ ಮೊದಲೇ ಅವರ ಹತ್ತಿರ ಇತ್ತು, ಅಲ್ಲೇ ಉಳಿಯಿತು.

ಒಂದು ನಿಯಮ ಇಟ್ಟುಕೊಂಡೆವು. ಕೊಟ್ಟ ಮೇಲೆ ಕೇಳಬಾರದು. "ಲಸಿಕೆ ಹಾಕಿಸಿದ್ರಾ?" ಅಂತ ನಾನು ಕೇಳಿದರೆ ಆ ವಿಷಯ ಮತ್ತೆ ನನ್ನ ತಲೆಗೇ ಬಂದಂತೆ. ಇದು ಹೇಳಿದಷ್ಟು ಸುಲಭ ಅಲ್ಲ. ಮೊದಲ ತಿಂಗಳು ಎಷ್ಟೋ ಸಲ ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿದ್ದೇನೆ.

ಆಗಸ್ಟ್‌ನಲ್ಲಿ ಮಗಳಿಗೆ ಜ್ವರ ಬಂತು. 2024ರ ಆ ಮಳೆಗಾಲ ನಿಮಗೆಲ್ಲ ನೆನಪಿರುತ್ತದೆ. ಎಲ್ಲಿ ನೋಡಿದರೂ ಡೆಂಗಿ ಮಾತು. ಸೆಪ್ಟೆಂಬರ್ ಹೊತ್ತಿಗೆ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮಗಳ ಮೈ ಕೆಂಡದ ಹಾಗೆ ಸುಡುತ್ತಿತ್ತು, ಥರ್ಮಾಮೀಟರ್‌ನಲ್ಲಿ 103. ಬೆಳಿಗ್ಗೆ ಕ್ಲಿನಿಕ್‌ಗೆ ಹೋದೆವು. ಡಾಕ್ಟರ್ ನನ್ನ ಮುಖ ನೋಡಿಯೇ ಕೇಳಿದರು, "ಯಾವಾಗಿಂದ ಜ್ವರ? ಮೂತ್ರ ಎಷ್ಟು ಸಲ ಮಾಡಿದಾಳೆ? ಔಷಧಿ ಏನು ಕೊಟ್ರಿ?" ಉತ್ತರ ಪಕ್ಕದಿಂದ ಬಂತು. ನಮ್ಮವರು ಒಂದು ಚಿಕ್ಕ ನೋಟ್‌ಬುಕ್ ತೆಗೆದರು. ಎಷ್ಟು ಗಂಟೆಗೆ ಎಷ್ಟು ಜ್ವರ, ಎಷ್ಟು ಎಂಎಲ್ ಪ್ಯಾರಸಿಟಮಾಲ್, ಯಾವಾಗ ವಾಂತಿ, ಕೊನೆಯ ಸಲ ಮೂತ್ರ ಯಾವಾಗ, ತೂಕ ಎಷ್ಟು, ಎಲ್ಲ ಅವರ ಗುಂಡು ಅಕ್ಷರದಲ್ಲಿ. ಡಾಕ್ಟರ್ ಕುರ್ಚಿಯನ್ನು ಸ್ವಲ್ಪ ಅವರ ಕಡೆ ತಿರುಗಿಸಿಕೊಂಡರು. ಎನ್‌ಎಸ್‌1 ಪರೀಕ್ಷೆ ಮಾಡಿಸಿದರು, ಡೆಂಗಿ ಇರಲಿಲ್ಲ. ನಾನು ಆ ಹೊತ್ತೆಲ್ಲ ಮಗಳ ಕೈ ಹಿಡಿದುಕೊಂಡು ಸುಮ್ನೆ ಕೂತಿದ್ದೆ. ಕಾಯಿಲೆ ಮಗುವಿನ ಪಕ್ಕ ಬರೀ ಅಮ್ಮ ಆಗಿ ಕೂರುವ ಅವಕಾಶ ನನಗೆ ಸಿಕ್ಕಿದ್ದು ಅವತ್ತೇ.

ದಸರಾ ಗೊಂಬೆ ಬಗ್ಗೆಯೂ ಹೇಳಿಬಿಡುತ್ತೇನೆ. ಮೇಲಿನ ಮೆಟ್ಟಿಲಲ್ಲಿ ನನ್ನ ತವರಿನ ಪಟ್ಟದ ಗೊಂಬೆ. ಕೆಳಗಿನ ಮೆಟ್ಟಿಲು ಪೂರ್ತಿ ಮಗಳದು. ಚನ್ನಪಟ್ಟಣದ ಬುಗುರಿ, ಅಡುಗೆ ಸೆಟ್ಟು, ಒಂದು ಮೃಗಾಲಯ. ಮಗ ಆಗ ತಾನೇ ಅಂಬೆಗಾಲು ಹಾಕುತ್ತಿದ್ದ. ಮೂರನೇ ದಿನ ಬಂದವನೇ ಕೆಂಪು ಬಟ್ಟೆಯ ಅಂಚು ಹಿಡಿದು ಎಳೆದ. ಮೃಗಾಲಯ ಪೂರ್ತಿ ನೆಲಕ್ಕೆ ಬಂತು, ಮಣ್ಣಿನ ಆನೆಯ ಸೊಂಡಿಲು ಮುರಿಯಿತು. ಈಗ ಗಲಾಟೆ ಆಗುತ್ತದೆ ಅಂತ ನಾನು ಅಡುಗೆ ಮನೆಯಿಂದ ಓಡಿ ಬಂದೆ. ಮಗಳು ಅವನನ್ನು ಎತ್ತಿ ಖಾಲಿ ಆದ ಮೆಟ್ಟಿಲ ಮೇಲೆ ಕೂರಿಸಿದ್ದಳು. ಸುತ್ತ ಹುಲಿ, ಜಿರಾಫೆ ಜೋಡಿಸುತ್ತಿದ್ದಳು. "ಇವನು ಇಲ್ಲೇ ಇರ್ಲಿ, ಇಲ್ಲಾಂದ್ರೆ ಮತ್ತೆ ಎಳೀತಾನೆ" ಅಂದಳು. ಆರತಿ ಹೊತ್ತಿನವರೆಗೂ ಅವನು ಗೊಂಬೆ.

ದೀಪಾವಳಿ ಮುಗಿದ ಮೇಲೆ ಅತ್ತೆ ಊರಿಗೆ ಹೋದರು. ಅವರಿಗೂ ಅವರ ಮನೆ, ಹಸು, ತೋಟ ಇದೆಯಲ್ಲ. ಶಕ್ತಿ ಯೋಜನೆ ಇರುವುದರಿಂದ ಬಸ್ ಚಾರ್ಜಿನ ಯೋಚನೆ ಇಲ್ಲ, ಆಧಾರ್ ಕಾರ್ಡ್ ಹಿಡಿದುಕೊಂಡು ಬಂದು ಹೋಗುತ್ತಿರುತ್ತಾರೆ. ಮಗನನ್ನು ಈಗ ನಮ್ಮ ಬೀದಿಯಲ್ಲೇ ಒಬ್ಬರು ನೋಡಿಕೊಳ್ಳುತ್ತಾರೆ.

ಇನ್ನೊಂದು ವಿಷಯಕ್ಕೆ ನಿಮ್ಮ ಅಭಿಪ್ರಾಯ ಬೇಕು. ಮಗಳು ಹುಟ್ಟಿದ್ದು 2019ರ ನವೆಂಬರ್. ಈ ವರ್ಷದಿಂದ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ನಿಯಮ ಇತ್ತು. ಹಾಗಾಗಿ ಇನ್ನೊಂದು ವರ್ಷ ಯುಕೆಜಿ ಅಂತ ತೀರ್ಮಾನ ಮಾಡಿದ್ದೆವು. ಏಪ್ರಿಲ್‌ನಲ್ಲಿ ಸರ್ಕಾರ ಈ ಒಂದು ವರ್ಷದ ಮಟ್ಟಿಗೆ, ಯುಕೆಜಿ ಮುಗಿಸಿದ ಮಕ್ಕಳಿಗೆ, 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಸಿತು. ಈಗ ಅವಳು ಸೇರಬಹುದು. ಆದರೂ ನಾವು ಸೇರಿಸುತ್ತಿಲ್ಲ. ಶಾಲೆ ವಿಷಯ ನನ್ನದು, ಆದ್ದರಿಂದ ತೀರ್ಮಾನವೂ ನನ್ನದೇ. ಅವಳು ಓದುತ್ತಾಳೆ, ಬರೆಯುತ್ತಾಳೆ, ಅದಕ್ಕಲ್ಲ. ಮಧ್ಯಾಹ್ನ ಇನ್ನೂ ನಿದ್ದೆ ಬೇಕು. ಡಬ್ಬಿ ಖಾಲಿ ಮಾಡಲು ಮುಕ್ಕಾಲು ಗಂಟೆ ಬೇಕು. ಮನೆಯಲ್ಲಿ ಕೂತು ಗೊಂಬೆಗಳಿಗೆ ಪಾಠ ಮಾಡುವ ಹೊತ್ತು ಬೇಕು. ಒಂದು ವರ್ಷ ಅವಳಿಗೆ ಅದು ಸಿಗಲಿ. ನೀವೇನಂತೀರಿ?

ಹುಬ್ಬಳ್ಳಿ ಅಪ್ಪ

ಅಕ್ಕಾರ, ಭಾಳ ಚಲೋ ಬರೆದೀರಿ. ನೋಟ್‌ಬುಕ್ ವಿಷಯ ಓದಿ ನನ್ನ ಹೆಂಡತಿಗೆ ತೋರಿಸಿದೆ. ಆಕೆ ಏನೂ ಅನ್ನಲಿಲ್ಲ, ಫೋನ್ ವಾಪಸ್ ಕೊಟ್ಟು ನನ್ನ ಮುಖ ನೋಡಿದಳು.

ಆದರೆ ನನ್ನದೊಂದು ತಕರಾರು ಇದೆ. ನಾನು ಗಾಡಿ ಓಡಿಸುವವನು. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ರಾತ್ರಿ ಯಾವಾಗ ಬರುತ್ತೇನೋ ಗೊತ್ತಿಲ್ಲ. ತಿಂಗಳಲ್ಲಿ ಹದಿನೈದು ದಿನ ಮಹಾರಾಷ್ಟ್ರದ ಕಡೆ ಇರುತ್ತೇನೆ. ಜ್ವರ ಬಂದಾಗ ನಾನು ಕೊಲ್ಹಾಪುರದಲ್ಲಿ ಇರುತ್ತೇನೆ. ವಿಷಯ ಹಂಚಿಕೊಳ್ಳಲು ಇಬ್ಬರೂ ದಿನಾ ಮನೆಗೆ ಬರುವ ನೌಕರಿ ಬೇಕಲ್ಲವಾ? ನಮ್ಮಂಥವರು ಏನು ಹೊರಬಹುದು?

ಕುವೆಂಪುನಗರದ ಅಮ್ಮ, ಮೈಸೂರು

ಅಣ್ಣಾ, ನೀವು ಕೇಳಿದ್ದು ಸರಿ ಇದೆ. ಜ್ವರ ದೂರದಿಂದ ಆಗುವುದಿಲ್ಲ. ಆದರೆ ಕೆಲವು ವಿಷಯ ಲಾರಿಯಲ್ಲಿ ಕೂತೂ ಹೊರಬಹುದು. ಲಸಿಕೆಯ ತಾರೀಖು ನೆನಪಿಡುವುದು, ಹಿಂದಿನ ದಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಕೇಳುವುದು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರ ನಂಬರ್ ಇದೆ? ಅಲ್ಲಿ ನಿಮ್ಮ ನಂಬರ್ ಕೊಡಿ. ಫೀಸು, ಪುಸ್ತಕ, ಸಭೆ, ರಜೆ, ಎಲ್ಲ ಸುದ್ದಿ ನಿಮಗೆ ಬರಲಿ. ಮನೆಯವರಿಗೆ ಒಂದು ವಿಷಯ ಪೂರ್ತಿ ಮರೆತು ಕೂರುವ ನೆಮ್ಮದಿ ಸಿಕ್ಕರೂ ಸಾಕು, ಅದು ದೊಡ್ಡದು.

ದಾವಣಗೆರೆ ನರ್ಸ್

ಮೇಡಂ, ನಿಮ್ಮ ಯಜಮಾನರ ನೋಟ್‌ಬುಕ್‌ನಲ್ಲಿ ತೂಕ ಬರೆದಿಟ್ಟಿದ್ದು ನನಗೆ ಎಲ್ಲಕ್ಕಿಂತ ಇಷ್ಟ ಆಯಿತು. ಮಕ್ಕಳ ವಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ, ಅದಕ್ಕೇ ಒಂದೆರಡು ಮಾತು ಹೇಳಲೇಬೇಕು.

ಪ್ಯಾರಸಿಟಮಾಲ್ ಕೊಡುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಕಿಲೋಗೆ ಸುಮಾರು 15 ಮಿಲಿಗ್ರಾಂ. ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ ಇರಲಿ, ದಿನಕ್ಕೆ ನಾಲ್ಕು ಸಲ ದಾಟಬಾರದು. ಇನ್ನೊಂದು ದೊಡ್ಡ ತೊಂದರೆ ಅಂದರೆ ಬಾಟಲಿ ಬದಲಾಗುವುದು. ಎಳೆ ಮಕ್ಕಳ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120, 125 ಅಥವಾ 250 ಇರುತ್ತದೆ. ಎರಡು ಮಕ್ಕಳಿರುವ ಮನೆಯಲ್ಲಿ ಎರಡೂ ಬಾಟಲಿ ಪಕ್ಕಪಕ್ಕ ಇರುತ್ತವೆ. ಅಕ್ಕನ ಸಿರಪ್ ಅಳತೆಯಲ್ಲಿ ತಮ್ಮನಿಗೆ ಡ್ರಾಪ್ಸ್ ಹಾಕಿದರೆ ಡೋಸ್ ಎಷ್ಟೋ ಪಟ್ಟು ಜಾಸ್ತಿ ಆಗುತ್ತದೆ. ಮುಚ್ಚಳದ ಮೇಲೆ ಮಗುವಿನ ಹೆಸರು ಬರೆದು ಅಂಟಿಸಿ.

ಡೆಂಗಿ ಕಾಲದಲ್ಲಿ ಡಾಕ್ಟರ್ ಹೇಳದೆ ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವದ ಅಪಾಯ ಇದೆ. ಜ್ವರ ಇಳಿಯಿತು ಅಂತ ನಿರಾಳ ಆಗುವ ಹೊತ್ತಲ್ಲೇ ಕೆಲವು ಮಕ್ಕಳ ಸ್ಥಿತಿ ಬಿಗಡಾಯಿಸುತ್ತದೆ. ಬಿಡದೆ ವಾಂತಿ, ಹೊಟ್ಟೆನೋವು, ಮೂತ್ರ ಕಡಿಮೆ, ಮಗು ಮಂಕಾಗಿ ಬಿದ್ದಿರುವುದು ಕಂಡರೆ ಕಾಯಬೇಡಿ.

ಮತ್ತೆ ಫಿಟ್ಸ್. ಆರು ತಿಂಗಳಿಂದ ಐದು ವರ್ಷದೊಳಗೆ ಕೆಲವು ಮಕ್ಕಳಿಗೆ ಜ್ವರಕ್ಕೇ ಫಿಟ್ಸ್ ಬರುತ್ತದೆ. ಕೈಗೆ ಕಬ್ಬಿಣದ ಕೀ ಹಿಡಿಸುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. ಪಕ್ಕಕ್ಕೆ ಮಲಗಿಸಿ, ಬಟ್ಟೆ ಸಡಿಲ ಮಾಡಿ, ಗಡಿಯಾರ ನೋಡಿ, ಆಸ್ಪತ್ರೆಗೆ ಕರೆತನ್ನಿ.

ತೀರ್ಥಹಳ್ಳಿ ಅಜ್ಜಿ

ನನ್ನ ಮೊಮ್ಮಗಳು ಈ ಗುಂಪಿಗೆ ಸೇರಿಸಿದ್ದಾಳೆ. ದಿನಾ ಓದುತ್ತೇನೆ, ಬರೆಯುವುದು ಕಡಿಮೆ.

ತಂಗಿ, ನಿನ್ನ ಅತ್ತೆ ರಾಗಿ ಸರಿ ಮಾಡಿದ್ದನ್ನು ಇಷ್ಟು ಚೆನ್ನಾಗಿ ನೋಡಿ ಬರೆದಿದ್ದೀಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿಯರ ವಿಷಯ ನಿಮ್ಮ ಹಂಚಿಕೆಯಲ್ಲಿ ಎಲ್ಲಿ ಬರುತ್ತದೆ? ನಾನು ಮೂರು ಮೊಮ್ಮಕ್ಕಳನ್ನು ನೋಡಿಕೊಂಡಿದ್ದೇನೆ. ಮೊಮ್ಮಕ್ಕಳ ಮೇಲಿನ ಆಸೆ ಬೇರೆ, ಮೊಣಕಾಲು ಬೇರೆ. ಹತ್ತು ಕಿಲೋ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮಹಡಿ ಹತ್ತಿದರೆ ರಾತ್ರಿ ನಿದ್ದೆ ಬರುವುದಿಲ್ಲ. ಅದನ್ನು ಮಗನಿಗೆ ಹೇಳಲು ಬಾಯಿ ಬರುವುದಿಲ್ಲ. ಹೇಳಿದರೆ ಅವರು ಪಾಪ ಏನು ಮಾಡುತ್ತಾರೆ ಅನ್ನಿಸುತ್ತದೆ.

ನಮಗೂ ವಾರಕ್ಕೆ ಒಂದು ದಿನ ರಜೆ ಕೊಡಿ. "ಅಮ್ಮಾ, ಈ ಭಾನುವಾರ ನೀವು ಮಗುವನ್ನು ಮುಟ್ಟಬೇಡಿ, ನಿಮ್ಮ ಸ್ನೇಹಿತೆ ಮನೆಗೆ ಹೋಗಿ ಬನ್ನಿ" ಅಂತ ನೀವೇ ಹೇಳಬೇಕು. ನಾವಾಗಿ ಕೇಳುವುದಿಲ್ಲ.

ಇನ್ನು ನರ್ಸಮ್ಮನಿಗೆ ಒಂದು ಪ್ರಶ್ನೆ. ನಮ್ಮ ಕಡೆ ಬಾಣಂತಿ ಮನೆಯಲ್ಲಿ ಮಗುವಿಗೆ ಬಜೆ ತೇದು ನೆಕ್ಕಿಸುತ್ತಿದ್ದೆವು, ಜೇನು ಹಚ್ಚುತ್ತಿದ್ದೆವು. ಈಗಿನ ಡಾಕ್ಟರು ಬೇಡ ಅಂತಾರೆ. ಯಾಕೆ?

ದಾವಣಗೆರೆ ನರ್ಸ್

ಅಮ್ಮಾ, ಜೇನಿನಲ್ಲಿ ಕೆಲವೊಮ್ಮೆ ಒಂದು ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ದೊಡ್ಡವರಿಗೆ ಏನೂ ಆಗುವುದಿಲ್ಲ. ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅದು ಬೆಳೆದು ವಿಷ ಬಿಡಬಹುದು, ಮೈ ಸ್ವಾಧೀನ ತಪ್ಪುತ್ತದೆ. ಅದಕ್ಕೇ ಒಂದು ವರ್ಷ ತುಂಬುವವರೆಗೆ ಜೇನು ಬೇಡ. ಬಜೆಯಲ್ಲೂ ಎಳೆ ಮಕ್ಕಳಿಗೆ ಆಗದ ಅಂಶ ಇದೆ, ವಾಂತಿ ಆಗುತ್ತದೆ, ಮಂಪರು ಬರುತ್ತದೆ. ನಿಮ್ಮ ಕಾಲದಲ್ಲಿ ನೀವು ಪ್ರೀತಿಯಿಂದಲೇ ಮಾಡಿದ್ದೀರಿ. ಈಗ ಬಜೆ ಬಳೆ ಕೈಗೆ ಹಾಕಿದರೂ ಬಾಯಿಗೆ ಹೋಗುತ್ತದೆ, ಅದೂ ಬೇಡ.

ಮೊಣಕಾಲಿನ ಮಾತು ನಮ್ಮಮ್ಮನಿಗೂ ಓದಿ ಹೇಳಿದೆ. ಇವತ್ತೇ ಫೋನ್ ಮಾಡಿ ಅಣ್ಣನ ಹತ್ತಿರ ಮಾತಾಡುತ್ತೇನೆ.

ಒಂದನೇ ಕ್ಲಾಸ್ ಟೀಚರ್, ಎಚ್.ಡಿ. ಕೋಟೆ

ಸರ್ಕಾರಿ ಶಾಲೆಯ ಶಿಕ್ಷಕಿ ನಾನು. ಒಂದನೇ ಕ್ಲಾಸಿನ ವಿಷಯದಲ್ಲಿ ನನಗೆ ನಿಮ್ಮ ಮಾತು ಪೂರ್ತಿ ಒಪ್ಪಿಗೆ ಆಗಲಿಲ್ಲ ಮೇಡಂ.

ಐದೂವರೆ ವರ್ಷ ಚಿಕ್ಕದಾ ದೊಡ್ಡದಾ ಅನ್ನುವುದು ಆ ಕ್ಲಾಸಿನೊಳಗೆ ಏನು ನಡೆಯುತ್ತದೆ ಅನ್ನುವುದರ ಮೇಲೆ ಇದೆ. ನಮ್ಮ ತಾಲ್ಲೂಕಿನಲ್ಲೇ 1995ರಲ್ಲಿ ನಲಿಕಲಿ ಶುರುವಾಯಿತು. ಈಗ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 1ರಿಂದ 3ನೇ ತರಗತಿವರೆಗೆ ಅದೇ ಪದ್ಧತಿ. ಮೂರೂ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಮಗು ತಾನಿರುವ ಮೆಟ್ಟಿಲು ಹುಡುಕಿ ಆ ಮೆಟ್ಟಿಲಿನ ಕಲಿಕೆಯ ಕಾರ್ಡ್ ತೆಗೆದುಕೊಂಡು ತನ್ನ ಗುಂಪಿನಲ್ಲಿ ಕೂರುತ್ತದೆ. ಒಂದು ಮಗು ತಿಂಗಳಲ್ಲಿ ಹತ್ತುವ ಮೆಟ್ಟಿಲನ್ನು ಇನ್ನೊಂದು ಎರಡು ತಿಂಗಳಲ್ಲಿ ಹತ್ತುತ್ತದೆ. ಯಾರೂ ಕೇಳುವುದಿಲ್ಲ. ಹಾಡು ಇದೆ, ಕಥೆ ಇದೆ, ಆಟ ಇದೆ. ಇಂಥ ಕ್ಲಾಸಿಗೆ ಐದೂವರೆ ವರ್ಷದ ಮಗು ಖುಷಿಯಾಗಿ ಬರುತ್ತದೆ. ಮೊದಲ ದಿನ ಅಳುತ್ತಾ ಬಂದ ಎಷ್ಟೋ ಚಿಕ್ಕ ಮಕ್ಕಳು ದಸರಾ ರಜೆ ಹೊತ್ತಿಗೆ ದೊಡ್ಡವರಿಗೆ ಕಾರ್ಡ್ ಹುಡುಕಿ ಕೊಡುತ್ತಾರೆ.

ಇನ್ನೊಂದು ಮಾತು. ಅದೇ ಯುಕೆಜಿಯಲ್ಲಿ ಅದೇ ಪುಸ್ತಕ ಮತ್ತೆ ಓದಿಸಿದರೆ ಬುದ್ಧಿವಂತ ಮಗುವಿಗೆ ಬೇಜಾರು ಬರುತ್ತದೆ. ಗೆಳತಿಯರೆಲ್ಲ ಮುಂದೆ ಹೋಗಿ ತಾನು ಮಾತ್ರ ಉಳಿದೆ ಅನ್ನುವುದೂ ಅದಕ್ಕೆ ಗೊತ್ತಾಗುತ್ತದೆ. ಅದರ ಬಗ್ಗೆ ಅವಳ ಹತ್ತಿರ ಮಾತಾಡಿದ್ದೀರಾ?

ಕುವೆಂಪುನಗರದ ಅಮ್ಮ, ಮೈಸೂರು

ಟೀಚರ್, ನಿಮ್ಮ ಕ್ಲಾಸಿನಂಥ ಕ್ಲಾಸ್ ಸಿಗುವುದಾದರೆ ನಾನು ನಾಳೆಯೇ ಸೇರಿಸುತ್ತೇನೆ. ಅವಳು ಹೋಗುವ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಬೆಂಚು, ಡೆಸ್ಕು, ಮೂರು ಭಾಷೆಯ ಬರವಣಿಗೆ, ತಿಂಗಳಿಗೊಂದು ಪರೀಕ್ಷೆ. ನನ್ನ ತಕರಾರು ಅದರ ಮೇಲೆಯೇ.

ಅವಳ ಹತ್ತಿರ ಮಾತಾಡಿದ್ದೇವೆ. ಅವಳಿಗೆ ಒಬ್ಬ ಗೆಳತಿ ಮುಖ್ಯ. ಆ ಹುಡುಗಿ ಮಾರ್ಚ್‌ನಲ್ಲಿ ಹುಟ್ಟಿದವಳು, ಅವಳೂ ಯುಕೆಜಿಯಲ್ಲೇ ಇರುತ್ತಾಳೆ. ಅಷ್ಟು ಗೊತ್ತಾದ ಮೇಲೆ ಬೇರೆ ಪ್ರಶ್ನೆ ಬರಲಿಲ್ಲ. ಆದರೆ ಅದೇ ಪುಸ್ತಕದ ಬಗ್ಗೆ ನೀವು ಹೇಳಿದ್ದು ಸರಿ. ಶಾಲೆ ತೆರೆದ ಮೇಲೆ ಹೋಗಿ ಕೇಳುತ್ತೇನೆ.

ಮ್ಯೂನಿಕ್ ಕನ್ನಡತಿ

ನಾನು ಎಂಟು ವರ್ಷದಿಂದ ಜರ್ಮನಿಯಲ್ಲಿ ಇದ್ದೇನೆ, ತವರು ಶಿರಸಿ. ಇಲ್ಲಿ ಮಗುವಿಗೆ ಮೂರು ವರ್ಷ ಆಗುವವರೆಗೆ ಅಪ್ಪ ಅಮ್ಮ ಇಬ್ಬರಿಗೂ ಕೆಲಸದಿಂದ ರಜೆ ತೆಗೆದುಕೊಳ್ಳುವ ಹಕ್ಕಿದೆ. ಸರ್ಕಾರ ಕೊಡುವ ಭತ್ಯೆ ಒಬ್ಬರೇ ರಜೆ ಹಾಕಿದರೆ 12 ತಿಂಗಳು, ಇನ್ನೊಬ್ಬರೂ ಕನಿಷ್ಠ ಎರಡು ತಿಂಗಳು ಹಾಕಿದರೆ ಒಟ್ಟು 14 ತಿಂಗಳು. ಆ ಎರಡು ತಿಂಗಳು ಅಪ್ಪ ತಗೊಳ್ಳದಿದ್ದರೆ ಹೋಯಿತು, ಅಮ್ಮನಿಗೆ ಸೇರುವುದಿಲ್ಲ. ಹಾಗಾಗಿ ನಮ್ಮ ಸುತ್ತ ಎಲ್ಲ ಅಪ್ಪಂದಿರೂ ತಗೊಳ್ಳುತ್ತಾರೆ, ನಮ್ಮವರೂ ತಗೊಂಡರು. ಆ ಎರಡು ತಿಂಗಳಲ್ಲಿ ಮಗುವಿನ ಅಳುವಿನಲ್ಲಿ ಯಾವುದು ಹಸಿವು, ಯಾವುದು ನಿದ್ದೆ ಅಂತ ಅವರಿಗೆ ನನ್ನಷ್ಟೇ ಗೊತ್ತಾಯಿತು. ನೀವು ಮಾತಾಡಿ ಮಾಡಿಕೊಂಡ ಹಂಚಿಕೆಗೆ ಇಲ್ಲಿ ಕಾನೂನು ದಾರಿ ಮಾಡಿದೆ.

ಆದರೆ ರಾಗಿ ಹಿಟ್ಟು ತೀಡುವ ಕೈ ಇಲ್ಲಿಲ್ಲ. ನನ್ನ ಎರಡನೇ ಹೆರಿಗೆ ಹೊತ್ತಿಗೆ ಅಮ್ಮ ವೀಸಾದಲ್ಲಿ ಮೂರು ತಿಂಗಳು ಬಂದಿದ್ದರು. ಅವರು ಊರಿಗೆ ವಾಪಸ್ ಹೋದ ವಾರ ದೊಡ್ಡವನು ಅಡುಗೆ ಮನೆ ಬಾಗಿಲಲ್ಲಿ ನಿಂತು "ಅಮ್ಮಮ್ಮ ಎಲ್ಲಿ" ಅಂತ ಕನ್ನಡದಲ್ಲೇ ಕೇಳುತ್ತಿದ್ದ. ಅದಕ್ಕೆ ಮುಂಚೆ ಅವನು ನಮಗೆ ಜರ್ಮನ್‌ನಲ್ಲೇ ಉತ್ತರ ಕೊಡುತ್ತಿದ್ದ. ಈಗ ದಿನಾ ಸಂಜೆ ಅಮ್ಮನ ಹತ್ತಿರ ವಿಡಿಯೋದಲ್ಲಿ ಮಾತಾಡಿಸುತ್ತೇವೆ. ಚಿಕ್ಕ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತ ಎಲ್ಲರೂ ಹೇಳುತ್ತಾರೆ, ಅದು ನನಗೂ ಗೊತ್ತು. ಅಜ್ಜಿಯ ಮುಖವನ್ನು ನಾನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆ, ತಿ. ನರಸೀಪುರ

ನಮ್ಮ ತಾಲ್ಲೂಕಿಗೆ ಒಂದು ಹೆಮ್ಮೆ ಇದೆ. 1975ರಲ್ಲಿ ದೇಶದಲ್ಲಿ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಯೋಜನೆ, ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ತಿ. ನರಸೀಪುರಕ್ಕೇ.

26 ವಾರ ರಜೆಯ ಮಾತು ಓದಿದೆ. ನಮ್ಮ ಕೇಂದ್ರಕ್ಕೆ ಬರುವ ತಾಯಂದಿರಲ್ಲಿ ರಜೆ ಅನ್ನುವುದು ಇರುವವರು ಯಾರೂ ಇಲ್ಲ. ಗದ್ದೆ ಕೆಲಸ, ಇಟ್ಟಿಗೆ ಗೂಡು, ನರೇಗಾ. ಮೂರು ತಿಂಗಳ ಕೂಸನ್ನು ಮರದ ಕೆಳಗೆ ಸೀರೆ ಜೋಲಿಯಲ್ಲಿ ಮಲಗಿಸಿ ನಾಟಿ ಮಾಡುತ್ತಾರೆ. 2023ರಿಂದ ಪಂಚಾಯಿತಿಗಳಲ್ಲಿ ಕೂಸಿನ ಮನೆ ಬಂದಿದೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಅಲ್ಲಿ ಬಿಡಬಹುದು. ಚೆನ್ನಾಗಿ ನಡೆಯುವ ಕಡೆ ನಿಜವಾಗಿ ಅನುಕೂಲ ಆಗಿದೆ. ನಿಮ್ಮ ಮನೆ ಕೆಲಸಕ್ಕೆ, ತೋಟದ ಕೆಲಸಕ್ಕೆ ಬರುವವರಿಗೆ ಇದು ಗೊತ್ತಿಲ್ಲದಿದ್ದರೆ ದಯವಿಟ್ಟು ಹೇಳಿ.

ಪಟ್ಟಣದವರು ಅಂಗನವಾಡಿ ನಮಗಲ್ಲ ಅಂದುಕೊಳ್ಳುತ್ತಾರೆ. ಬನ್ನಿ. ತೂಕ, ಎತ್ತರ ನೋಡುತ್ತೇವೆ, ಚಾರ್ಟ್‌ನಲ್ಲಿ ಗುರುತು ಹಾಕುತ್ತೇವೆ. ಮಗು ಹಸಿರು ಪಟ್ಟೆಯಿಂದ ಹಳದಿಗೆ ಜಾರುತ್ತಿದ್ದರೆ ಮನೆಯವರ ಕಣ್ಣಿಗಿಂತ ಮುಂಚೆ ಚಾರ್ಟ್‌ಗೆ ಗೊತ್ತಾಗುತ್ತದೆ. ದಿನಾ ನೋಡುವವರಿಗೆ ಮಗು ಸೊರಗಿದ್ದು ಕಾಣುವುದಿಲ್ಲ.

ಒಬ್ಬಳೇ ಅಮ್ಮ, ಮದ್ದೂರು

ಎಲ್ಲರದೂ ಓದಿದೆ. ಒಳ್ಳೆಯ ಮಾತುಗಳು. ಹಂಚಿಕೊಳ್ಳಲು ಎರಡನೇ ತಲೆ ಇಲ್ಲದ ಮನೆಯೂ ಇದೆ ಅಂತ ಹೇಳಲು ಬರೆಯುತ್ತಿದ್ದೇನೆ. ಮಗನಿಗೆ ನಾಲ್ಕು ವರ್ಷ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಜ್ವರ ಬಂದ ದಿನ ಸಂಬಳ ಕಟ್. ಎಲ್ಲ ನೆನಪೂ ನನ್ನದೇ, ಎಲ್ಲ ರಾತ್ರಿಯೂ ನನ್ನದೇ.

ನಮ್ಮ ವಠಾರದಲ್ಲಿ ಎದುರು ಮನೆ ಅಕ್ಕ ಇದ್ದಾರೆ. ಅವರ ಮಗಳಿಗೂ ನಾಲ್ಕು. ಇಬ್ಬರೂ ಸೇರಿ ಒಂದು ಮಾಡಿಕೊಂಡಿದ್ದೇವೆ. ಬೆಳಿಗ್ಗೆ ಎರಡೂ ಮಕ್ಕಳನ್ನು ಅವರು ರೆಡಿ ಮಾಡಿ ಅಂಗನವಾಡಿಗೆ ಬಿಡುತ್ತಾರೆ. ಸಂಜೆ ಎರಡಕ್ಕೂ ಸ್ನಾನ, ಊಟ ನನ್ನದು. ಅವರ ಮಗಳು ನನ್ನ ಹತ್ತಿರ ಮಾತ್ರ ತಲೆ ಬಾಚಿಸಿಕೊಳ್ಳುತ್ತಾಳೆ. ನನ್ನ ಮಗ ಅವರ ಮನೆ ಮುದ್ದೆ ಮಾತ್ರ ನುಂಗುತ್ತಾನೆ, ನನ್ನದು ಬೇಡ ಅಂತಾನೆ.

ಕುವೆಂಪುನಗರದ ಅಮ್ಮ, ಮೈಸೂರು

ತಂಗಿ, ನೀನು ಬರೆದಿದ್ದು ಓದಿ ತುಂಬಾ ಹೊತ್ತು ಕೂತಿದ್ದೆ. ನಾವು ಗಂಡ ಹೆಂಡತಿ ಮಾಡಿಕೊಂಡಿದ್ದನ್ನು ನೀವಿಬ್ಬರು ಹೆಂಗಸರು ವಠಾರದಲ್ಲಿ ಮಾಡಿದ್ದೀರಿ. ನಿಮ್ಮದು ಇನ್ನೂ ಗಟ್ಟಿ. ಜ್ವರ ಬಂದ ದಿನದ ಸಂಬಳದ ವಿಷಯ ಮಾತ್ರ ಯಾವ ಹಂಚಿಕೆಯಿಂದಲೂ ಸರಿ ಹೋಗುವುದಿಲ್ಲ, ಅದಕ್ಕೆ ರಜೆಯೇ ಬೇಕು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ ಹೆರಿಗೆ ರಜೆ ಕಾನೂನಿನ 2017ರ ತಿದ್ದುಪಡಿಯಲ್ಲಿ ಇದೆ. ನಿಮ್ಮ ಫ್ಯಾಕ್ಟರಿಯಲ್ಲಿ ಇದೆಯಾ? ಎಷ್ಟು ವಯಸ್ಸಿನವರೆಗೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿದ್ದೀಯಾ?

ತೀರ್ಥಹಳ್ಳಿ ಅಮ್ಮಾ, ನಿಮ್ಮ ಮಾತನ್ನು ನಮ್ಮವರಿಗೆ ಓದಿ ಹೇಳಿದೆ. ಅತ್ತೆ ಮುಂದಿನ ವಾರ ಬರುತ್ತಾರೆ. ಈ ಸಲ ಅವರು ಬಂದ ಮೇಲೂ ಮಗ ಬೀದಿಯ ಆ ಮನೆಗೇ ಹೋಗಲಿ ಅಂತ ಅಂದುಕೊಂಡಿದ್ದೇವೆ. ಅತ್ತೆಯನ್ನು ನಂಜನಗೂಡಿಗೆ ಕರೆದುಕೊಂಡು ಹೋಗುತ್ತೇವೆ, ತುಂಬಾ ದಿನದಿಂದ ಕೇಳುತ್ತಿದ್ದರು.

ಒಬ್ಬಳೇ ಅಮ್ಮ, ಮದ್ದೂರು

ಇದೆ ಅಕ್ಕ. ಕೋಣೆ ಇದೆ, ಆಯಾ ಇದ್ದಾರೆ. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತು ಹೋಗಬೇಕು, ಅದಕ್ಕೇ ಬಿಟ್ಟೆ. ವಯಸ್ಸಿನ ವಿಷಯ ಸೋಮವಾರ ಕೇಳಿ ಹೇಳುತ್ತೇನೆ. ಅಕ್ಕನ ಮಗಳನ್ನೂ ಸೇರಿಸಿಕೊಳ್ಳುತ್ತಾರಾ ಅಂತಲೂ ಕೇಳುತ್ತೇನೆ.

ಬೆಂಗಳೂರಿನ ಹೊಸ ಅಪ್ಪ

ಮೇಡಂ, ಒಂದು ಸಣ್ಣ ಪ್ರಶ್ನೆ. ನಮ್ಮ ಪಾಪುಗೆ ನಾಲ್ಕು ತಿಂಗಳು, ಆರೋಗ್ಯದ ವಿಷಯ ನಾನು ತಗೊಳ್ಳಬೇಕು ಅಂದುಕೊಂಡಿದ್ದೇನೆ. 6, 10, 14 ವಾರದ ಲಸಿಕೆ ಮುಗಿದಿದೆ. ನಿಮ್ಮ ಯಜಮಾನರು ಮುಂದಿನದನ್ನೆಲ್ಲ ಹೇಗೆ ಬರೆದಿಟ್ಟುಕೊಂಡಿದ್ದಾರೆ? ಆಪ್ ಏನಾದರೂ ಇದೆಯಾ?

ಕುವೆಂಪುನಗರದ ಅಮ್ಮ, ಮೈಸೂರು

ಈ ಉತ್ತರ ನಮ್ಮವರೇ ಹೇಳಿ ಬರೆಸುತ್ತಿದ್ದಾರೆ, ಯಾಕೆಂದರೆ ನನಗೆ ಗೊತ್ತಿಲ್ಲ. ಆಪ್ ಇಲ್ಲ, ಗೋಡೆ ಕ್ಯಾಲೆಂಡರ್. ವರ್ಷದ ಶುರುವಿನಲ್ಲೇ ಎಲ್ಲ ತಾರೀಖಿಗೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಬಿಡಿ. ನಿಮಗೆ ಮುಂದಿನ ದೊಡ್ಡದು 9 ತಿಂಗಳಿಗೆ, ದಡಾರ-ರುಬೆಲ್ಲಾ. ಅದೇ ದಿನ ಎ ವಿಟಮಿನ್ ಮೊದಲ ಡೋಸ್, ಎರಡನೆಯದು 16ರಿಂದ 18 ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ ಐದು ವರ್ಷದವರೆಗೆ. 16ರಿಂದ 24 ತಿಂಗಳ ಒಳಗೆ ದಡಾರ-ರುಬೆಲ್ಲಾ ಎರಡನೆಯದು ಮತ್ತು ಡಿಪಿಟಿ ಬೂಸ್ಟರ್. ಐದು ವರ್ಷ ಆದ ಮೇಲೆ ಇನ್ನೊಂದು ಡಿಪಿಟಿ ಬೂಸ್ಟರ್ ಇದೆ, ತುಂಬಾ ಜನ ಇದನ್ನೇ ಬಿಡುತ್ತಾರಂತೆ. ಎಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ತಾಯಿ ಕಾರ್ಡ್‌ನ ಎರಡೂ ಬದಿಯ ಫೋಟೋ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ನಮ್ಮ ಇಬ್ಬರು ಮಕ್ಕಳದೂ ಈ ಗುರುವಾರವೇ ಇದೆಯಂತೆ, ನನಗೆ ಈಗ ತಿಳಿಯಿತು.